ಯುಗಾದಿಯಿಂದ ಮಿರಗದವರೆಗೆ: ತೊಗರಿ ನಾಡಿನ ಇಲಿ ಬೇಟೆ ಮತ್ತು ಮಳೆಯ ಲೆಕ್ಕ

ಎರೆ ಹೊಲದ ಇಲಿಯನ್ನು ಹಿಡಿತಕ್ಕೆ ತರಲು ವರ್ಷದಲ್ಲಿ ಒಂದೇ ಒಳ್ಳೆಯ ಹಂಗಾಮು ಇದೆ. ಹಿಂಗಾರಿ ಜೋಳದ ರಾಶಿ ಮುಗಿದು ಹೊಲ ಬಯಲಾದ ಮೇಲೆ ಅದು ತೆರೆಯುತ್ತದೆ, ಮಿರಗದ (ಮೃಗಶಿರಾ) ಮಳೆಗೆ ಕೂರಿಗೆ ಹೂಡುವ ಹೊತ್ತಿಗೆ ಮುಚ್ಚುತ್ತದೆ. ಯುಗಾದಿಯಿಂದ ಲೆಕ್ಕ ಹಾಕಿದರೆ ಸುಮಾರು ಎರಡು, ಎರಡೂವರೆ ತಿಂಗಳು. ಆಗ ಹೊಲದಲ್ಲಿ ಇಲಿಗೆ ತಿನ್ನಲು ಕಾಳಿಲ್ಲ, ಅಡಗಲು ಬೆಳೆಯಿಲ್ಲ. ಬಿಲದ ಬಾಯಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಆದರೆ ಇದೇ ಅವಧಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ದಿಢೀರನೆ ಗುಡುಗು ಮಳೆಯೂ ಸುರಿಯುತ್ತದೆ. ಒಂದು ಸಂಜೆಯ ಮಳೆ ವಾರದ ಶ್ರಮವನ್ನು ತೊಳೆದುಬಿಡಬಲ್ಲದು. ಹಾಗಾಗಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಇಲಿ ನಿಯಂತ್ರಣದ ಯೋಜನೆ ಆರಂಭವಾಗಬೇಕಾದದ್ದು ಮೋಡದ ಲೆಕ್ಕದಿಂದ. ಔಷಧದ ಅಂಗಡಿಯ ಸರದಿ ಆಮೇಲೆ.

ನೆಲ ಮತ್ತು ಬೆಳೆ

ಕಲಬುರಗಿ ಜಿಲ್ಲೆ ರಾಜ್ಯದ ತೊಗರಿಯ ಕಣಜ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಸೇಡಂ ಮತ್ತು ಚಿತ್ತಾಪುರ ಈಶಾನ್ಯ ಒಣ ವಲಯಕ್ಕೆ ಸೇರಿದರೆ, ಚಿಂಚೋಳಿ ಬೀದರ್ ಜಿಲ್ಲೆಯೊಂದಿಗೆ ಈಶಾನ್ಯ ಪರಿವರ್ತನಾ ವಲಯಕ್ಕೆ ಸೇರಿದೆ. ಮಳೆ ಚಿಂಚೋಳಿ ಕಡೆ ಹೆಚ್ಚು. ಅಲ್ಲಿ ಎರೆ ಭೂಮಿಯ ಜೊತೆಗೆ ಕೆಂಪು ಜಂಬಿಟ್ಟಿಗೆ ನೆಲವೂ ಇದೆ, ಹೆಸರು, ಉದ್ದು, ಸೋಯಾ ಬೆಳೆಗಳೂ ಇವೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಬಹುಪಾಲು ಹೊಲ ಕಪ್ಪು ಎರೆ.

ಬೆಳೆಗಳ ಸರದಿ ಇಲಿಗೆ ಬಹಳ ಅನುಕೂಲಕರ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ಕಟಾವಿಗೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಜೋಳ ಮತ್ತು ಕಡಲೆ ಫೆಬ್ರುವರಿ, ಮಾರ್ಚ್‌ವರೆಗೆ ಹೊಲದಲ್ಲಿರುತ್ತವೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲುವ ಹೊತ್ತಿಗೆ ಒಂದು ಹೊಲದಲ್ಲಿ ತೊಗರಿ ಕಾಯಿ ಬಲಿತಿದ್ದರೆ ಪಕ್ಕದಲ್ಲಿ ಜೋಳ ತೆನೆ ಬಿಚ್ಚುತ್ತಿರುತ್ತದೆ. ಹೀಗೆ ಎಂಟು ಒಂಬತ್ತು ತಿಂಗಳು ಇಲಿಗೆ ಆಹಾರ ತಪ್ಪುವುದಿಲ್ಲ. ಚಂದ್ರಂಪಳ್ಳಿ, ಕೆಳ ಮುಲ್ಲಾಮಾರಿ, ಬೆಣ್ಣೆತೊರಾ ಯೋಜನೆಗಳ ನೀರು ಹರಿಯುವ ಕಡೆ, ಕಬ್ಬು ಇರುವ ಕಡೆ, ಬೇಸಿಗೆಯಲ್ಲೂ ಹಸಿರು ಉಳಿಯುವುದರಿಂದ ಅಲ್ಲಿ ಅವುಗಳ ಸಂತಾನ ವರ್ಷವಿಡೀ ಮುಂದುವರಿಯಬಲ್ಲದು.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ನೆಲದಡಿಯಲ್ಲಿ ಪದರು ಪದರಾಗಿ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ದೇಶದುದ್ದಕ್ಕೂ ನೆಲಹಾಸಿಗೆ ಹೋಗುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇದೇ ಸುಣ್ಣದ ಕಲ್ಲಿನಿಂದ ನಡೆಯುತ್ತವೆ. ಗಣಿಯ ಬದಿಯಲ್ಲಿ ಬಿದ್ದ ಚಕ್ಕೆಗಳ ಗುಡ್ಡೆ, ಹೊಲದಿಂದ ಆರಿಸಿ ಒಡ್ಡಿನ ಮೇಲೆ ಪೇರಿಸಿದ ಕಲ್ಲು, ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ತಾಂಡೂರಿನತ್ತ ಹೋಗುವ ರೈಲು ಮಾರ್ಗದ ಏರಿ, ಇವೆಲ್ಲ ನೇಗಿಲು ತಾಗದ ಜಾಗಗಳು. ಹೊಲವನ್ನು ಎಷ್ಟೇ ಉತ್ತರೂ ಇಲ್ಲಿನ ಬಿಲಗಳು ಹಾಗೆಯೇ ಉಳಿಯುತ್ತವೆ.

ಬಿಲದೊಳಗೆ ಯಾರಿದ್ದಾರೆ

ಹೊಲದ ಇಲಿಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು ಚಿಕ್ಕ ಹೆಗ್ಗಣ, ವಿಜ್ಞಾನಿಗಳ ಬ್ಯಾಂಡಿಕೋಟ ಬೆಂಗಾಲೆನ್ಸಿಸ್. ಬಿಲದ ಬಾಯಿಯಲ್ಲಿ ಹೊಸ ಮಣ್ಣಿನ ಗುಪ್ಪೆ ಇದ್ದು, ಬಾಯಿ ಒಳಗಿನಿಂದ ಮುಚ್ಚಿದ್ದರೆ ಅದು ಇದರದೇ ಮನೆ. ತೆನೆಗಳನ್ನು ಕತ್ತರಿಸಿ ಒಳಗೆ ಒಯ್ದು ದಾಸ್ತಾನು ಮಾಡುವುದರಿಂದ ಇದು ತಿಂದದ್ದಕ್ಕಿಂತ ಹೆಚ್ಚು ಹಾಳು ಮಾಡುತ್ತದೆ. ಎರಡನೆಯದು ಮೆದು ಕೂದಲಿನ ಬಯಲು ಇಲಿ, ಮಿಲಾರ್ಡಿಯಾ ಮೆಲ್ಟಾಡ. ಎರೆ ಬಿರುಕು ಮತ್ತು ಕಲ್ಲಿನ ರಾಶಿ ಇದರ ಮೆಚ್ಚಿನ ನೆಲೆ. ಮೂರನೆಯದು ಜರ್ಬಿಲ್. ಮೈ ಮರಳಿನ ಬಣ್ಣ, ಉದ್ದ ಬಾಲದ ತುದಿಯಲ್ಲಿ ಕೂದಲಿನ ಕುಚ್ಚು. ಸಡಿಲ, ಒಣ ನೆಲದಲ್ಲಿ ಹಲವು ಬಾಯಿಗಳ ಬಿಲ ತೋಡುತ್ತದೆ. ನಾಲ್ಕನೆಯದು ಪುಟ್ಟ ಹೊಲದ ಚಿಟ್ಟಿಲಿ. ಒಡ್ಡಿನಲ್ಲಿ ಬೆರಳು ಹೋಗುವಷ್ಟು ಸಣ್ಣ ತೂತು ಇದರ ಗುರುತು.

ನಾಲ್ಕೂ ರಾತ್ರಿ ಸಂಚಾರದ ಪ್ರಾಣಿಗಳು. ಹಗಲಿನಲ್ಲಿ ನೆಲದ ಮೇಲೆ ಓಡಾಡುವ ನೆಲ ಅಳಿಲುಗಳು ಇಲ್ಲಿಲ್ಲ. ಇಲ್ಲಿರುವುದು ಮರದ ಮೇಲಿನ ಗೆರೆ ಅಳಿಲು, ಅದು ಹೊಲದಲ್ಲಿ ಬಿಲ ತೋಡುವುದಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಕುದುರೆ ಮಸಾಲೆ ಹುಲ್ಲಿನ ಹೊಲಗಳಲ್ಲಿ, ಕೆನಡಾದ ಆಲ್ಬರ್ಟಾ ಬಯಲಿನಲ್ಲಿ ನೆಲ ಅಳಿಲುಗಳು ಚಳಿಗಾಲದ ನಿದ್ದೆ ಮುಗಿಸಿ ವಸಂತದಲ್ಲಿ ಹೊರಬಂದಾಗ ಬಂದೂಕಿನ ಬೇಟೆ ನಡೆಯುತ್ತದೆ. ಹಿಮ, ಗಾಳಿ, ಮಳೆ ಇದ್ದ ದಿನ ಅಳಿಲು ಬಿಲ ಬಿಟ್ಟು ಹೊರಬರುವುದಿಲ್ಲ, ಆದ್ದರಿಂದ ಅಲ್ಲಿನ ಬೇಟೆಗಾರರು ಹವಾಮಾನ ನೋಡಿಯೇ ಹೊರಡುತ್ತಾರೆ. ಎರೆ ನಾಡಿನಲ್ಲಿ ಬಂದೂಕಿಗೆ ಕೆಲಸವಿಲ್ಲ. ಇಲ್ಲಿನ ಬೇಟೆ ನಡೆಯುವುದು ಸಲಿಕೆ, ಬೋನು, ಹೊಗೆ ಮತ್ತು ಪಾಷಾಣದ ಕಾಳಿನಿಂದ. ಹವಾಮಾನದ ಹಂಗು ಮಾತ್ರ ಎರಡೂ ಕಡೆ ಸಮಾನ.

ಮಳೆ ಇಲಿಯ ಶತ್ರು, ಮಿತ್ರ

ಕನ್ನಡ ನಾಡಿನ ಎರೆ ಹೊಲದಲ್ಲಿ ಮಳೆಗೂ ಇಲಿಗೂ ಇರುವ ನಂಟನ್ನು ಮೊದಲು ವಿವರವಾಗಿ ಬರೆದಿಟ್ಟವರಲ್ಲಿ ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಒಬ್ಬರು. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಬಗ್ಗೆ 1839ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ ಬಯಲು ಇಲಿಯ ವರ್ಣನೆಯಿದೆ. ಬೇಸಿಗೆಯಲ್ಲಿ ಅದು ಎರೆಯ ಆಳವಾದ ಬಿರುಕುಗಳಲ್ಲಿ ವಾಸಿಸುತ್ತದೆ. ಮುಂಗಾರಿನ ಮೊದಲ ಮಳೆಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಾಗ ಅಸಂಖ್ಯ ಇಲಿಗಳು ಅಲ್ಲಿಯೇ ಸಾಯುತ್ತವೆ. 1826ರಲ್ಲಿ ಹಂಗಾಮಿನ ಆರಂಭದ ಮಳೆ ಕೈಕೊಟ್ಟಿತು, ಬಿರುಕುಗಳು ಮುಚ್ಚಲಿಲ್ಲ. ಆ ವರ್ಷ ಇಲಿಗಳು ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ಅಗೆದು ತಿಂದವು, ಬೆಳೆ ಬಲಿತಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ಹೊಲಕ್ಕೆ ಹೊಲವೇ ನಾಶವಾಗಿ ರೈತರಿಗೆ ಕಂದಾಯ ಕಟ್ಟುವುದೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ರೈತರು ಒಡ್ಡರನ್ನು ನೇಮಿಸಿದರು. ಅವರು ಸಾವಿರಗಟ್ಟಲೆ ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ ಎಂಬುದು ಎಲಿಯಟ್ ದಾಖಲೆಯ ಸಾರ.

ಮತ್ತೆ 1876–78ರ ಭೀಕರ ಬರದ ಬೆನ್ನಿಗೇ ಕಲಾದಗಿಯೂ ಸೇರಿದಂತೆ ದಖ್ಖನ್ನಿನ ಜಿಲ್ಲೆಗಳಲ್ಲಿ ಇಲಿಗಳ ಹಾವಳಿ ಎದ್ದಿತು. ಬರದಲ್ಲಿ ಗೂಬೆ, ಹಾವು, ನರಿಗಳೂ ಕಡಿಮೆಯಾಗಿರುತ್ತವೆ. ಮಳೆ ಮರಳಿ ಬೆಳೆ ಬಂದಾಗ ಇಲಿ ಕೆಲವೇ ತಿಂಗಳಲ್ಲಿ ಹೆಚ್ಚುತ್ತದೆ, ಅದನ್ನು ತಿನ್ನುವ ಪ್ರಾಣಿಗಳು ಹೆಚ್ಚಲು ವರ್ಷಗಳೇ ಬೇಕು.

ಇಲಿಯ ವಂಶಾಭಿವೃದ್ಧಿಯ ವೇಗವೇ ಇದಕ್ಕೆ ಕಾರಣ. ಹೆಗ್ಗಣದ ಗರ್ಭಾವಧಿ ಮೂರು ವಾರಕ್ಕಿಂತ ತುಸು ಹೆಚ್ಚು. ಒಂದು ಸೂಲಿಗೆ ಸಾಮಾನ್ಯವಾಗಿ ಆರೆಂಟು ಮರಿ, ಮರಿಗಳು ಸುಮಾರು ಮೂರು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಮುಂಗಾರು ಬೆಳೆಯ ಕಾಲಕ್ಕೆ ಆರಂಭವಾದ ಸಂತಾನ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಎರಡು ತಲೆಮಾರು ದಾಟಿರುತ್ತದೆ. ಮೇ ತಿಂಗಳಲ್ಲಿ ಬದುಕುಳಿದ ಒಂದು ಹೆಣ್ಣು ಹೆಗ್ಗಣವನ್ನು ತೆಗೆದರೆ ನವೆಂಬರಿನ ಒಂದು ದಂಡನ್ನೇ ತಡೆದಂತೆ. ಬೆಳೆ ನಿಂತಾಗ ಪಾಷಾಣ ಇಡುವುದು ತಡವಾದ ಕೆಲಸ, ದುಬಾರಿ ಕೆಲಸ. ಹೊಲದ ತುಂಬ ಕಾಳಿರುವಾಗ ಇಲಿ ಪಾಷಾಣದ ಕಾಳನ್ನು ಮೂಸಿಯೂ ನೋಡುವುದಿಲ್ಲ.

ಇದರಿಂದ ಯೋಜನೆಯ ಮೊದಲ ಸೂತ್ರ ಸಿಗುತ್ತದೆ. ಮುಂಗಾರು ಸಕಾಲಕ್ಕೆ ಬಂದು ಜೂನ್‌ನಲ್ಲಿ ಚೆನ್ನಾಗಿ ಸುರಿದರೆ ಇಲಿ ನಿಯಂತ್ರಣದ ಅರ್ಧ ಕೆಲಸವನ್ನು ಮಳೆಯೇ ಮಾಡುತ್ತದೆ. ಮಿರಗ ಒಣಗಿ ಹೋಗುವ ಲಕ್ಷಣವಿದ್ದರೆ ಬೇಸಿಗೆಯ ಸುತ್ತಿನ ಜೊತೆಗೆ ಬಿತ್ತನೆಗೆ ಮುನ್ನ ಎರಡನೇ ಸುತ್ತೂ ಬೇಕು. ಮಳೆ ತಡವಾದ ವರ್ಷ ರೈತ ಕೈಕಟ್ಟಿ ಕೂರುವ ವರ್ಷವಲ್ಲ, ಬಿಲದ ಕೆಲಸ ದುಪ್ಪಟ್ಟಾಗುವ ವರ್ಷ.

ಮೋಡದ ಲೆಕ್ಕ

ಹಳ್ಳಿಯ ಲೆಕ್ಕದಲ್ಲಿ ಈ ಅವಧಿ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂಬ ನಾಲ್ಕು ಮಳೆ ನಕ್ಷತ್ರಗಳಿಗೆ ಹಂಚಿಹೋಗಿದೆ. ಅಶ್ವಿನಿ ಏಪ್ರಿಲ್ ಮಧ್ಯಕ್ಕೆ ಹುಟ್ಟುತ್ತದೆ, ರೋಹಿಣಿ ಮೇ ಕೊನೆಯಲ್ಲಿ. ಜೂನ್ ಮೊದಲ ವಾರ ಮುಗಿಯುತ್ತಲೇ ಮಿರಗ ಕೂಡುತ್ತದೆ. ನೈರುತ್ಯ ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಕಲಬುರಗಿ ಸೀಮೆಗೆ ಅದು ತಲುಪುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರದ ಸುಮಾರಿಗೆ. ಅದಕ್ಕೂ ಮೊದಲಿನ ಮಳೆಗಳು ಮುಂಗಾರಿನ ಮಳೆಯಲ್ಲ. ನೆಲ ಕಾದು, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಗಾಳಿ ಗುಡುಗಿನೊಂದಿಗೆ ಸಂಜೆ ಸುರಿದು ಹೋಗುವ ಸ್ಥಳೀಯ ಮಳೆ. ಚಿತ್ತಾಪುರದಲ್ಲಿ ಹಳ್ಳ ಹರಿದ ದಿನ ವಾಡಿಯಲ್ಲಿ ಧೂಳೇ ಇರಬಹುದು. ಪಾಷಾಣ ಇಡುವ ಹೊತ್ತೂ ಸಂಜೆಯೇ ಆಗಿರುವುದು ಇಲ್ಲಿನ ನಿಜವಾದ ತೊಡಕು.

ಮುನ್ಸೂಚನೆಯ ಭಾಷೆ ತಿಳಿದರೆ ಈ ತೊಡಕು ಕಡಿಮೆಯಾಗುತ್ತದೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ಮಳೆಯ ದಿನ. 15.5 ಮಿ.ಮೀ.ವರೆಗೆ ಹಗುರ, 64.4ರವರೆಗೆ ಸಾಧಾರಣ, ಅದರ ಮೇಲೆ ಭಾರಿ ಮಳೆ. ಮಳೆಯ ಹರವನ್ನೂ ಇಲಾಖೆ ಅಳತೆಯಿಂದಲೇ ಹೇಳುತ್ತದೆ. ಅತಿ ಕಡಿಮೆ ಹರವು ಎಂದರೆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು ಕಡೆ ಮಳೆ. ನಂತರದ್ದು ಅರ್ಧದವರೆಗೆ, ಆಮೇಲಿನದು ಮುಕ್ಕಾಲು ಭಾಗದವರೆಗೆ, ಕೊನೆಯದು ಬಹುತೇಕ ಎಲ್ಲ ಕಡೆ. ‘ಅಲ್ಲೊಂದು ಇಲ್ಲೊಂದು ಕಡೆ ಹಗುರ ಮಳೆ’ ಎಂದಿದ್ದರೆ ಕೆಲಸ ನಿಲ್ಲಿಸಬೇಕಿಲ್ಲ. ‘ಹಲವೆಡೆ ಗುಡುಗು ಮಳೆ’ ಎಂದಿದ್ದರೆ ಪಾಷಾಣದ ಸಂಜೆಯನ್ನು ಮುಂದೂಡುವುದೇ ಜಾಣತನ.

ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಬರುತ್ತದೆ, ಮುಂದಿನ ಐದು ದಿನದ ಅಂದಾಜು ಅದರಲ್ಲಿರುತ್ತದೆ. ಹಲವು ವಾರಗಳ ವಿಸ್ತೃತ ಅಂದಾಜು ಗುರುವಾರ ಬರುತ್ತದೆ. ಮೊಬೈಲಿನ ‘ಮೇಘದೂತ’ ಆ್ಯಪ್‌ನಲ್ಲಿ ಸ್ಥಳೀಯ ಸಲಹೆ ಸಿಗುತ್ತದೆ, ‘ದಾಮಿನಿ’ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿಗೆ ಕರೆ ಮಾಡಿ ತಮ್ಮ ಊರಿನ ಮಳೆಯ ಬಗ್ಗೆ ಕೇಳಬಹುದು. ಯಾವ ಮುನ್ಸೂಚನೆಯಾದರೂ ಮೊದಲ ಎರಡು ದಿನಕ್ಕೆ ಹೆಚ್ಚು ನಂಬಿಕೆಗೆ ಅರ್ಹ, ದಿನ ಕಳೆದಂತೆ ಆ ನಂಬಿಕೆ ಸಡಿಲವಾಗುತ್ತದೆ. ಯೋಜನೆಯನ್ನು ಹೆಣೆಯಬೇಕಾದದ್ದು ಈ ಗುಣದ ಸುತ್ತ.

ಶನಿವಾರದಿಂದ ಶುಕ್ರವಾರ

ಶುಕ್ರವಾರದ ಸಲಹೆ ನೋಡಿ ಶನಿವಾರ ಕೆಲಸ ಆರಂಭಿಸುವುದು ಅನುಕೂಲ. ಹಾಗೆ ಮಾಡಿದರೆ ಪಾಷಾಣ ಇಡುವ ನಾಲ್ಕನೆಯ ದಿನ ಮಂಗಳವಾರವಾಗುತ್ತದೆ, ಅಂದೇ ಹೊಸ ಸಲಹೆ ಕೈಗೆ ಬರುತ್ತದೆ. ಅತ್ಯಂತ ಒಣ ಹವೆ ಬೇಕಾದ ರಾತ್ರಿಗೆ ಅತ್ಯಂತ ತಾಜಾ ಮುನ್ಸೂಚನೆ ಹೀಗೆ ದೊರೆಯುತ್ತದೆ. ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡದ ವಾಡಿಕೆಯಿರುವುದರಿಂದ ಆ ದಿನ ಜನರೂ ಬಿಡುವಾಗಿರುತ್ತಾರೆ.

ಶನಿವಾರ ಬೆಳಗ್ಗೆ ಬಿಸಿಲೇರುವ ಮೊದಲೇ ಒಡ್ಡು, ಹಳ್ಳದ ದಂಡೆ, ಕಲ್ಲಿನ ರಾಶಿ, ಬಣವೆಯ ಬುಡ ಸುತ್ತಾಡಿ ಕಂಡ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಭಾನುವಾರ ಬೆಳಗ್ಗೆ ಅದೇ ದಾರಿಯಲ್ಲಿ ಬಂದು, ಮತ್ತೆ ತೆರೆದ ಬಿಲಗಳ ಬಳಿ ತೊಗರಿ ಕಟ್ಟಿಗೆ ನೆಟ್ಟು ಎಣಿಸಬೇಕು. ಇಲಿ ಇರುವುದು ಇವುಗಳಲ್ಲಿ ಮಾತ್ರ. ಮುಚ್ಚಿದಂತೆಯೇ ಉಳಿದ ಬಿಲಕ್ಕೆ ಔಷಧ ಇಡುವುದು ಹಣವನ್ನು ಮಣ್ಣಿಗೆ ಹಾಕಿದಂತೆ.

ಭಾನುವಾರ ಮತ್ತು ಸೋಮವಾರ ಸಂಜೆ ಜೀವಂತ ಬಿಲಗಳಲ್ಲಿ ಪಾಷಾಣವಿಲ್ಲದ ಕಾಳು ಇಡಬೇಕು. ಜೋಳ ಅಥವಾ ಅಕ್ಕಿ ನುಚ್ಚಿಗೆ ತುಸು ಶೇಂಗಾ ಎಣ್ಣೆ ಸವರಿದರೆ ಸಾಕು. ಇಲಿ ಹೊಸ ಆಹಾರವನ್ನು ಕೂಡಲೇ ನಂಬುವುದಿಲ್ಲ. ಸ್ವಲ್ಪ ರುಚಿ ನೋಡಿ ಕಾಯುತ್ತದೆ. ಎರಡು ರಾತ್ರಿ ತಿಂದು ಏನೂ ಆಗದಿದ್ದರೆ ಮೂರನೆಯ ರಾತ್ರಿ ಹೊಟ್ಟೆ ತುಂಬ ತಿನ್ನುತ್ತದೆ. ಈ ಹಂತವನ್ನು ಬಿಟ್ಟರೆ ಮುಂದಿನ ಎಲ್ಲ ಖರ್ಚೂ ವ್ಯರ್ಥ.

ಮಂಗಳವಾರ ಸಂಜೆ ಶೇ 2ರ ಪ್ರಮಾಣದ ಜಿಂಕ್ ಫಾಸ್ಫೈಡ್ ಬೆರೆತ ಕಾಳನ್ನು ಬಿಲಕ್ಕೆ ಸುಮಾರು 10 ಗ್ರಾಂನಂತೆ ಕಾಗದದ ಪೊಟ್ಟಣದಲ್ಲಿ ಒಳಕ್ಕೆ ತಳ್ಳಿ ಬಾಯಿಯನ್ನು ಸಡಿಲವಾಗಿ ಮುಚ್ಚಬೇಕು. ಹೊಟ್ಟೆಯ ಆಮ್ಲ ತಾಗಿದಾಗ ಇದರಿಂದ ಫಾಸ್ಫೀನ್ ಅನಿಲ ಹುಟ್ಟಿ ಇಲಿ ಸಾಯುತ್ತದೆ. ಬುಧವಾರ ಮುಂಜಾನೆ ಸತ್ತ ಇಲಿಗಳನ್ನೂ ಹೊರಗೆ ಬಿದ್ದ ಕಾಳನ್ನೂ ಆರಿಸಿ ಆಳವಾಗಿ ಹೂಳಬೇಕು. ಗುರುವಾರ ಎಲ್ಲ ಬಿಲ ಮತ್ತೆ ಮುಚ್ಚಿ, ಶುಕ್ರವಾರ ತೆರೆದವುಗಳನ್ನು ಎಣಿಸಬೇಕು. ಭಾನುವಾರದ ಎಣಿಕೆ ನೂರಿದ್ದು ಶುಕ್ರವಾರ ಇಪ್ಪತ್ತಕ್ಕೆ ಇಳಿದಿದ್ದರೆ ಶೇ 80ರಷ್ಟು ಕೆಲಸ ಆಗಿದೆ ಎಂದರ್ಥ.

ಉಳಿದ ಇಲಿಗಳು ಜಿಂಕ್ ಫಾಸ್ಫೈಡ್‌ನ ರುಚಿ ಅರಿತವು. ಅವು ವಾರಗಟ್ಟಲೆ ಅದನ್ನು ಮುಟ್ಟುವುದಿಲ್ಲ. ಅವಕ್ಕೆ ಶೇ 0.005ರ ಬ್ರೋಮಾಡಿಯೋಲೋನ್ ಬೇಕು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧ. ಸಾವು ಕೆಲವು ದಿನಗಳ ಬಳಿಕ ಬರುವುದರಿಂದ ತಿಂದದ್ದಕ್ಕೂ ಸತ್ತದ್ದಕ್ಕೂ ಇಲಿ ಸಂಬಂಧ ಕಟ್ಟಲಾರದು, ಆದ್ದರಿಂದ ಮುಂಚಿತವಾಗಿ ಬರಿ ಕಾಳು ಇಡುವ ಅಗತ್ಯವೂ ಇಲ್ಲ.

ನಡುವೆ ಮಳೆ ಬಂದರೆ

ಮಳೆ ಬಂದಾಗ ಕೆಲಸ ಕೈಬಿಡಬೇಕಿಲ್ಲ. ವಿಧಾನ ಬದಲಿಸಿದರೆ ಸಾಕು. ಮೊದಲ ಎರಡು ದಿನದಲ್ಲಿ ಮಳೆಯಾದರೆ ಬಿಲದ ಗುರುತು ಅಳಿಸಿಹೋಗುತ್ತದೆ. ಮಣ್ಣು ಆರಿದ ಮೇಲೆ ಮುಚ್ಚಿ ಎಣಿಸುವ ಕೆಲಸವನ್ನು ಮೊದಲಿನಿಂದ ಮಾಡಬೇಕು. ಬರಿ ಕಾಳಿಟ್ಟ ದಿನ ಮಳೆಯಾದರೆ ನಷ್ಟವಾಗುವುದು ಒಂದೆರಡು ಕಿಲೋ ನುಚ್ಚು ಮಾತ್ರ. ಮತ್ತೆ ಎರಡು ರಾತ್ರಿ ಇಟ್ಟು ಮುಂದುವರಿಯಬಹುದು.

ಮಂಗಳವಾರದ ಆಕಾಶ ಕಪ್ಪಾಗಿದ್ದರೆ ಜಿಂಕ್ ಫಾಸ್ಫೈಡ್ ಡಬ್ಬಿ ತೆರೆಯಲೇಬಾರದು. ತೇವ ತಾಗಿದ ಪಾಷಾಣ ಸತ್ವ ಕಳೆದುಕೊಳ್ಳುತ್ತದೆ. ಅರೆಸತ್ವದ ಕಾಳು ತಿಂದ ಇಲಿ ಸಾಯದೆ ಬದುಕಿ, ಮುಂದೆ ಯಾವ ಕಾಳನ್ನೂ ನಂಬದಂತಾಗುತ್ತದೆ. ಪಾಷಾಣ ಇಡದೆ ಉಳಿದರೆ ಹೋಗುವುದು ಎರಡು ದಿನ, ಇಟ್ಟು ನೆನೆಸಿದರೆ ಹೋಗುವುದು ಇಡೀ ಹಂಗಾಮು. ಬರಿ ಕಾಳನ್ನೇ ಮುಂದುವರಿಸಿ ಒಣ ಸಂಜೆಗೆ ಕಾಯಬೇಕು. ಇಟ್ಟ ಮೇಲೆ ಮಳೆ ಬಂದರೆ ಕೈಗವಸು ಹಾಕಿ ನೆನೆದ ಪೊಟ್ಟಣಗಳನ್ನು ತೆಗೆದು ಹೂಳಬೇಕು. ಮಳೆ ಬಿಡುವು ಕೊಡದ ವಾರದಲ್ಲಿ ಮೇಣದಲ್ಲಿ ಅಚ್ಚು ಹಾಕಿದ ಬ್ರೋಮಾಡಿಯೋಲೋನ್ ಬಿಲ್ಲೆಗಳೇ ಸೂಕ್ತ, ಅವು ತೇವವನ್ನು ತಕ್ಕಮಟ್ಟಿಗೆ ತಾಳುತ್ತವೆ.

ಒಳ್ಳೆಯ ಒಂದು ಮಳೆ ಬೇರೆ ದಾರಿಗಳನ್ನೂ ತೆರೆಯುತ್ತದೆ. ಬಿರುಕು ಬಿಟ್ಟ ಎರೆಯಲ್ಲಿ ಹೊಗೆ ಹಾಕಿದರೆ ಅದು ಹತ್ತು ಕಡೆಯಿಂದ ಸೋರಿಹೋಗುತ್ತದೆ. ಬಿರುಕು ಮುಚ್ಚಿದ ಮೇಲೆ ಅದೇ ಹೊಗೆ ಬಿಲದೊಳಗೆ ನಿಲ್ಲುತ್ತದೆ. ಹುಲ್ಲಿನ ಹೊಗೆಯನ್ನು ಬಿಲಕ್ಕೆ ಊದುವ ಕೈಯಂತ್ರ ಆಗ ಚೆನ್ನಾಗಿ ಕೆಲಸ ಮಾಡುತ್ತದೆ. ಕಲ್ಲಿನಂತಿದ್ದ ನೆಲ ಮೆತ್ತಗಾಗಿ ಅಗೆಯಲು ಬರುತ್ತದೆ, ಮಾಗಿ ಉಳುಮೆಗೆ ನೇಗಿಲು ಇಳಿಯುತ್ತದೆ. ಆಳದ ಉಳುಮೆ ಹೊಲದೊಳಗಿನ ಬಿಲಗಳನ್ನು ಒಡೆಯುತ್ತದೆ. ಒಡ್ಡಿನ ಅನಗತ್ಯ ಅಗಲವನ್ನು ಕಡಿದು, ಕಸ ಕಂಟಿ ತೆಗೆದು, ಕಲ್ಲಿನ ರಾಶಿಯನ್ನು ಸರಿಸಿದರೆ ಓಡಿಹೋದ ಇಲಿಗೆ ನಿಲ್ಲಲು ಜಾಗ ಉಳಿಯುವುದಿಲ್ಲ. ಒಣ ವಾರಕ್ಕೆ ಕಾಳು, ಹಸಿ ವಾರಕ್ಕೆ ಸಲಿಕೆ ಮತ್ತು ಹೊಗೆ ಎಂದು ಎರಡೂ ಸಿದ್ಧತೆ ಮೊದಲೇ ಇದ್ದವರಿಗೆ ಯಾವ ವಾರವೂ ವ್ಯರ್ಥವಾಗುವುದಿಲ್ಲ.

ಗುಡುಗು ಕೇಳಿದ ಕೂಡಲೇ ಹೊಲ ಬಿಡಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಬಯಲು ಸೀಮೆಯಲ್ಲಿ ಜನ, ದನ ಬಲಿಯಾಗುವುದು ಪ್ರತಿವರ್ಷದ ದುಃಖ. ಒಂಟಿ ಬೇವಿನ ಮರದಡಿ ನಿಲ್ಲುವುದು ಬಯಲಿನಲ್ಲಿ ನಿಲ್ಲುವಷ್ಟೇ ಅಪಾಯ. ಬಿಸಿಲಿನ ದಿನ ಹತ್ತು ಗಂಟೆಯ ನಂತರ ಅಗೆತ ಬೇಡ.

ಎಚ್ಚರಿಕೆ ಮತ್ತು ಕಾನೂನು

ಜಿಂಕ್ ಫಾಸ್ಫೈಡ್‌ಗೆ ಪ್ರತ್ಯೇಕ ಪ್ರತಿವಿಷವಿಲ್ಲ. ಬ್ರೋಮಾಡಿಯೋಲೋನ್ ಹೊಟ್ಟೆಗೆ ಹೋದರೆ ವೈದ್ಯರು ವಿಟಮಿನ್ ಕೆ1 ಕೊಡುತ್ತಾರೆ. ಎರಡನ್ನೂ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ, ಅಡುಗೆ ಮನೆಯಿಂದ ದೂರ ಇಡಬೇಕು. ಕಾಳು ಬೆರೆಸುವುದು ಗಾಳಿಯಾಡುವ ಬಯಲಿನಲ್ಲಿ, ಕೋಲಿನಿಂದ, ಕೈಗವಸು ಮತ್ತು ಮುಖಗವಸು ಹಾಕಿ. ಯಾರಿಗಾದರೂ ಹೊಟ್ಟೆಗೆ ಹೋದ ಅನುಮಾನವಿದ್ದರೆ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ರೈತರು ತಾವೇ ಬಳಸುವ ವಸ್ತುವಲ್ಲ. ಅದರ ಬಳಕೆ ತಜ್ಞರ ಉಸ್ತುವಾರಿಗೆ ಸೀಮಿತ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇಲಿ ಜ್ವರ ಹರಡುವುದು ಅವುಗಳ ಮೂತ್ರದಿಂದ.

ಪಾಷಾಣವನ್ನು ಹೊಲದಲ್ಲಿ ಚೆಲ್ಲುವುದು ದೊಡ್ಡ ತಪ್ಪು. ನವಿಲು, ಪಾರಿವಾಳ, ಕುರಿ, ನಾಯಿ ಅದಕ್ಕೆ ಬಲಿಯಾಗುತ್ತವೆ. ಬಿಲದ ಒಳಗಿಟ್ಟು ಬಾಯಿ ಮುಚ್ಚುವುದು ಈ ಕಾರಣಕ್ಕೇ. ಚಿಂಚೋಳಿಯ ರೈತರಿಗೆ ಇಲ್ಲಿ ಹೆಚ್ಚಿನ ಹೊಣೆಯಿದೆ. 2011ರಲ್ಲಿ ಘೋಷಣೆಯಾದ, 134 ಚದರ ಕಿ.ಮೀ.ಗಿಂತ ತುಸು ಹೆಚ್ಚು ವಿಸ್ತಾರದ ಚಿಂಚೋಳಿ ವನ್ಯಜೀವಿ ಧಾಮ ಅವರ ಹೊಲಗಳಿಗೆ ಹೊಂದಿಕೊಂಡೇ ಇದೆ. ಕಾಡಿನಂಚಿನ ಹೊಲಗಳಲ್ಲಿ ಪಾಷಾಣದ ಬದಲು ಬೋನು, ಅಗೆತ, ಹೊಗೆಯನ್ನೇ ನೆಚ್ಚಬೇಕು. ವಿಷ ತಿಂದ ಇಲಿಯನ್ನು ನರಿ, ಕತ್ತೆಕಿರುಬ, ಗೂಬೆ ತಿಂದರೆ ವಿಷ ಅವುಗಳ ಮೈ ಸೇರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಿಗಳನ್ನು ಐದನೆಯ ಅನುಸೂಚಿಯಲ್ಲಿ ಉಪದ್ರವಕಾರಿ ಪ್ರಾಣಿಗಳೆಂದು ಪಟ್ಟಿ ಮಾಡಿತ್ತು. 2022ರ ತಿದ್ದುಪಡಿ ಆ ಅನುಸೂಚಿಯನ್ನು ಕೈಬಿಟ್ಟಿತು, 2023ರ ಏಪ್ರಿಲ್ 1ರಿಂದ ಆ ತಿದ್ದುಪಡಿ ಜಾರಿಯಲ್ಲಿದೆ. ಹಾಗಿದ್ದರೂ ಹೊಲದ ಇಲಿ, ಹೆಗ್ಗಣಗಳ ನಿಯಂತ್ರಣ ಕೃಷಿ ಇಲಾಖೆಯೇ ಸಲಹೆ ಮಾಡುವ ಕೆಲಸ. ಆದರೆ ಇಲಿಯ ನೆಪದಲ್ಲಿ ಮೊಲ, ನವಿಲು, ಉಡ, ಜಿಂಕೆಗಳಿಗೆ ಉರುಲು ಹಾಕುವುದು, ಗುಂಡು ಹಾರಿಸುವುದು ಶಿಕ್ಷಾರ್ಹ ಅಪರಾಧ.

ಊರು ಒಂದಾದರೆ

ಇಲಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ಒಬ್ಬರ ನಾಲ್ಕು ಎಕರೆ ಖಾಲಿಯಾದರೆ ಪಕ್ಕದ ಹೊಲದ ಇಲಿ ಕೆಲವೇ ವಾರಗಳಲ್ಲಿ ಆ ಬಿಲಗಳನ್ನು ತುಂಬುತ್ತದೆ. ಒಡ್ಡು, ಹಳ್ಳ, ಗಣಿಯ ಗುಡ್ಡೆ ಯಾರೊಬ್ಬರ ಸ್ವತ್ತೂ ಅಲ್ಲ. ಸಾವಿರಾರು ಇಲಿ ಕೊಂದರೂ 1826ರಲ್ಲಿ ಹಾವಳಿ ತಗ್ಗದಿದ್ದುದು, ಸಂಖ್ಯೆ ಏರಿದ ಮೇಲೆ ನಡೆಸುವ ಬೇಟೆಯ ಮಿತಿಯನ್ನು ತೋರಿಸುತ್ತದೆ. ದೇಶದಲ್ಲಿ ದಂಶಕಗಳ ನಿಯಂತ್ರಣದ ಸಮನ್ವಿತ ಸಂಶೋಧನೆ 1970ರ ದಶಕದಲ್ಲಿ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯನ್ನು ಕೇಂದ್ರವಾಗಿಟ್ಟು ಆರಂಭವಾಯಿತು, ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಅದರಲ್ಲಿ ಪಾಲುಗೊಂಡಿತು. ಆ ಸಂಶೋಧನೆ ಒತ್ತಿ ಹೇಳುವ ಮಾತು, ಇಡೀ ಊರು ಒಂದೇ ವಾರದಲ್ಲಿ ಕೈಜೋಡಿಸಿದರೆ ಮಾತ್ರ ಫಲ ಉಳಿಯುತ್ತದೆ ಎಂಬುದು.

ಬೇಸಿಗೆಯ ಸುತ್ತಿನ ನಂತರದ ಕಾವಲನ್ನು ನಿಸರ್ಗಕ್ಕೆ ಬಿಡಬಹುದು. ಕೇರೆ ಹಾವು, ಮುಂಗುಸಿ, ನರಿ, ಕಣಜ ಗೂಬೆ ಇಲಿಯನ್ನು ಬೇಟೆಯಾಡುವ ಪ್ರಾಣಿಗಳು. ತೊಗರಿಯ ಸಾಲುಗಳ ನಡುವೆ ಅಡ್ಡಪಟ್ಟಿ ಬಡಿದ ಕೋಲುಗಳನ್ನು ನಿಲ್ಲಿಸಿದರೆ ರಾತ್ರಿ ಗೂಬೆ ಕೂರುತ್ತದೆ, ಹಗಲು ಕಾಯಿಕೊರಕ ಹುಳು ಹೆಕ್ಕುವ ಹಕ್ಕಿಗಳು ಕೂರುತ್ತವೆ. ಗೂಬೆಯನ್ನು ಅಪಶಕುನವೆಂದು ಓಡಿಸುವ, ಕೇರೆಯನ್ನು ಕಂಡಲ್ಲಿ ಕೊಲ್ಲುವ ರೂಢಿ ನಿಂತರೆ ಅದೇ ದೊಡ್ಡ ಉಳಿತಾಯ. ಕಣಿಕೆಯ ಬಣವೆಯನ್ನು ನೆಲದಿಂದ ಎತ್ತರದ ಅಟ್ಟಣಿಗೆಯ ಮೇಲೆ ಒಟ್ಟುವುದು, ತೊಗರಿ ಕಟ್ಟಿಗೆಯ ರಾಶಿಯನ್ನು ಮನೆಯ ಗೋಡೆಗೆ ತಾಗಿಸದಿರುವುದು, ಕಾಳನ್ನು ತಗಡಿನ ಕಣಜದಲ್ಲಿ ಇಡುವುದು ಇದರ ಮುಂದುವರಿಕೆ.

ಪ್ರತಿ ಗ್ರಾಮ ಪಂಚಾಯಿತಿ ಯುಗಾದಿಯ ನಂತರದ ಸಭೆಯಲ್ಲೇ ಇಲಿ ನಿಯಂತ್ರಣದ ಒಂದು ವಾರವನ್ನು, ಮಳೆ ಅಡ್ಡಿಯಾದರೆ ಬದಲಿ ವಾರವನ್ನು ಗೊತ್ತುಮಾಡಬೇಕು. ರೈತ ಸಂಪರ್ಕ ಕೇಂದ್ರದಿಂದ ಔಷಧ ಮತ್ತು ತರಬೇತಿ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಿಂದ ಸಲಹೆ ಕೇಳಿ ಪಡೆಯಬೇಕು. ರೋಹಿಣಿ ಮಳೆ ಹುಟ್ಟುವುದರೊಳಗೆ ಮೊದಲ ಸುತ್ತು ಮುಗಿಸಿ, ಮಿರಗ ತಡವಾದರೆ ಎರಡನೆಯ ಸುತ್ತಿಗೆ ಇಳಿಯಬೇಕು. ಬಿತ್ತಿದ ತೊಗರಿ ರೈತರ ಮನೆ ಸೇರಬೇಕಾದರೆ ಈ ಕೆಲಸ ಬಿತ್ತನೆಗೆ ಮೊದಲೇ ಆಗಬೇಕು, ಊರೆಲ್ಲ ಕೂಡಿ ಆಗಬೇಕು.